ಹಾಡೋಕೆ ಬರಲ್ಲ ಅಂದ್ರೆ ಗಿಟಾರ್ ಮಾರಬೇಕಾ?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಇಯರ್‌ಫೋನ್ ಹಾಕ್ಕೊಂಡಿದ್ದೀರಾ? ಇಲ್ಲ ಅಂದ್ರೆ ಹಾಕ್ಕೊಳ್ಳಿ. ಇವತ್ತಿನದ್ದು ಫೋನಿನ ಸ್ಪೀಕರಲ್ಲಿ ಕೇಳೋ ವಿಷಯ ಅಲ್ಲ. ಯಾಕೆ ಅಂತ ಆಮೇಲೆ ಹೇಳ್ತೀನಿ.

ಹೋದ ವಾರ ಒಂದು ವಾಯ್ಸ್ ಮೆಸೇಜ್ ಬಂತು. ಇಲ್ಲೇ ಬಾಳೆಗುಳಿಯ ಹುಡುಗ. ಮಾತಿನ ಹಿಂದೆ ಕ್ರಾಸಿನ ಲಾರಿ ಹಾರ್ನ್ ಕೇಳ್ತಿತ್ತು, ಹಾಗಾಗಿ ಊರಿನ ಹೆಸರು ಹೇಳೋ ಮೊದಲೇ ಗೊತ್ತಾಯ್ತು. "ಅಣ್ಣಾ, ಎರಡು ವರ್ಷದ ಹಿಂದೆ ಗಿಟಾರ್ ತಗೊಂಡೆ. ಮನೆಗೆ ಯಾರೇ ಬಂದ್ರೂ ಒಂದು ಹಾಡು ಹಾಡು ಅಂತಾರೆ. ನಂಗೆ ಹಾಡೋಕೆ ಬರಲ್ಲ. ಸುಮ್ಮನೆ ನುಡಿಸ್ತಾ ಕೂತ್ರೆ, ಹಾಡು ಯಾವಾಗ ಶುರು ಮಾಡ್ತೀಯ ಅಂತ ಕೇಳ್ತಾರೆ. ಮಾರಿಬಿಡ್ಲಾ?"

ಮೊದಲು ನಗು ಬಂತು. ಆಮೇಲೆ ಬೇಜಾರಾಯ್ತು. ಯಾಕಂದ್ರೆ ನಾವೂ ಅದನ್ನೇ ಮಾಡ್ತೀವಿ, ಅಲ್ವಾ? ಹಾಡಿಲ್ಲದ ಟ್ರ್ಯಾಕ್ ಬಂದ್ರೆ ಹತ್ತು ಸೆಕೆಂಡ್ ಕಾದು ಮುಂದಕ್ಕೆ ತಳ್ಳಿಬಿಡ್ತೀವಿ.

ತಮಾ, ನಿನಗೆ ಉತ್ತರ ಕೊಡೋ ಮೊದಲು ಒಬ್ಬರ ಕಥೆ ಹೇಳ್ತೀನಿ. ಡಾಕ್ ವಾಟ್ಸನ್. ಹುಟ್ಟಿದ್ದು 1923ರಲ್ಲಿ, ಅಮೆರಿಕದ ನಾರ್ತ್ ಕೆರೊಲಿನಾದ ಬೆಟ್ಟದ ಊರಲ್ಲಿ. ಒಂದು ವರ್ಷ ತುಂಬೋ ಮೊದಲೇ ಕಣ್ಣು ಹೋಯ್ತು. 1950ರ ದಶಕದಲ್ಲಿ ಹೊಟ್ಟೆಪಾಡಿಗೆ ಒಂದು ಡಾನ್ಸ್ ಬ್ಯಾಂಡಲ್ಲಿ ಎಲೆಕ್ಟ್ರಿಕ್ ಗಿಟಾರ್ ನುಡಿಸ್ತಿದ್ರು. ಅಲ್ಲಿನ ಹಳ್ಳಿ ಕುಣಿತಕ್ಕೆ ಪಿಟೀಲು ಬೇಕೇ ಬೇಕು, ಅವರು ಅದಕ್ಕೆ ಫಿಡಲ್ ಅಂತಾರೆ. ಆದ್ರೆ ಈ ಬ್ಯಾಂಡಲ್ಲಿ ಪಿಟೀಲಿನವರೇ ಇಲ್ಲ. ಜನ ಕುಣೀಬೇಕು, ಏನು ಮಾಡೋದು? ಪಿಟೀಲಿನ ಧಾಟಿಗಳನ್ನೆಲ್ಲ ಇವರು ಗಿಟಾರಿಗೆ ಇಳಿಸಿದ್ರು. ಆಮೇಲೆ ಅದನ್ನೇ ಅಕೌಸ್ಟಿಕ್ ಗಿಟಾರಲ್ಲಿ ನುಡಿಸಿದಾಗ ಕೇಳಿದವರು ಬೆರಗಾದ್ರು. ಅಲ್ಲಿ ತನಕ ಅಂಥ ಸಂಗೀತದಲ್ಲಿ ಗಿಟಾರ್ ಹೆಚ್ಚಾಗಿ ಹಿಂದೆ ಕೂತು ತಾಳ ಕೊಡೋ ವಾದ್ಯ. ಇವರ ಕೈಯಲ್ಲಿ ಅದು ಮುಂದೆ ಬಂತು. 1964ರ ಅವರ ಆಲ್ಬಮ್‌ನಲ್ಲಿ 'ಬ್ಲ್ಯಾಕ್ ಮೌಂಟನ್ ರ್‍ಯಾಗ್' ಅಂತ ಒಂದಿದೆ. ಒಂದೂವರೆ ನಿಮಿಷವೋ ಏನೋ. ಅದರಲ್ಲಿ ಒಂದು ಶಬ್ದವೂ ಹಾಡಿಲ್ಲ. ಹಾಗಂತ ಅವರಿಗೆ ಹಾಡೋಕೆ ಬರ್ತಿರಲಿಲ್ಲ ಅನ್ಕೋಬೇಡಿ, ಒಳ್ಳೇ ಗಾಯಕ!

ಈಗ ಕೈ ಏನು ಮಾಡ್ತದೆ ಅಂತ ನೋಡೋಣ. ನಮ್ಮಲ್ಲಿ ಗಿಟಾರ್ ಅಂದ್ರೆ ಬಹುತೇಕ ಸ್ಟ್ರಮ್ಮಿಂಗ್. ಕಾರ್ಡ್ ಹಿಡಿ, ಆರೂ ತಂತಿ ಒಟ್ಟಿಗೆ ಬಾರಿಸು, ಮೇಲೆ ಹಾಡು. ಪಿಕಿಂಗ್ ಅಂದ್ರೆ ತಂತಿಗಳನ್ನ ಒಂದೊಂದಾಗಿ ಮೀಟೋದು. ಡಾಕ್ ವಾಟ್ಸನ್ ಥರ ಒಂದು ಚಪ್ಪಟೆ ಪಿಕ್ ಹಿಡಿದು ಕೆಳಗೆ-ಮೇಲೆ, ಕೆಳಗೆ-ಮೇಲೆ ಅಂತ ನುಡಿಸೋದು ಒಂದು ದಾರಿ. ಬ್ಲೂಗ್ರಾಸ್‌ನಲ್ಲಿ ಅದೇ ಜಾಸ್ತಿ. ಇನ್ನೊಂದು ದಾರಿ ಬರೀ ಬೆರಳಿಂದು. ಹೆಬ್ಬೆರಳು ದಪ್ಪ ತಂತಿಗಳ ಮೇಲೆ ಲಯ ಹಿಡಿದು ನಡೀತದೆ, ಉಳಿದ ಬೆರಳು ಸಣ್ಣ ತಂತಿಗಳಲ್ಲಿ ಧಾಟಿ ಹಾಡ್ತವೆ. ಕೇಳಿ.

(ಗಿಟಾರ್: ಹೆಬ್ಬೆರಳು ಮಾತ್ರ)

ಇದು ಹೆಬ್ಬೆರಳು. ಈಗ ಧಾಟಿ ಸೇರಿಸ್ತೀನಿ.

(ಗಿಟಾರ್: ಹೆಬ್ಬೆರಳು ಮತ್ತು ಬೆರಳುಗಳು)

ಇಬ್ಬರು ನುಡಿಸಿದ ಹಾಗೆ ಕೇಳ್ತು ಅಲ್ವಾ? ಕೂತಿರೋದು ನಾನೊಬ್ಬನೇ. ಸುಗ್ಗಿ ಹೊತ್ತಲ್ಲಿ ಹಾಲಕ್ಕಿಗಳು ಗುಮಟೆ ಬಾರಿಸೋದನ್ನ ಹತ್ತಿರದಿಂದ ನೋಡಿ. ಒಂದು ಕೈ ಚರ್ಮದ ಮೇಲೆ ಪೆಟ್ಟು ಕೊಡ್ತಿರ್ತದೆ, ಇನ್ನೊಂದು ಕೈ ಮಡಕೆಯ ಬಾಯಿ ಮುಚ್ಚಿ ತೆಗೆದು ನಾದ ಬದಲಾಯಿಸ್ತದೆ. ಎರಡು ಕೈಗೆ ಎರಡು ಬೇರೆ ಕೆಲಸ. ಇಲ್ಲಿ ಆ ಎರಡೂ ಕೆಲಸ ಒಂದೇ ಬಲಗೈಯದ್ದು, ಅಷ್ಟೇ ವ್ಯತ್ಯಾಸ.

ಇಯರ್‌ಫೋನ್ ಯಾಕೆ ಅಂದೆ ಗೊತ್ತಾ? ಗಿಟಾರಿನ ಅತಿ ದಪ್ಪ ತಂತಿಯ ಸ್ವರ ಸುಮಾರು 82 ಹರ್ಟ್ಸ್. ಫೋನಿನ ಪುಟ್ಟ ಸ್ಪೀಕರಿಗೆ ಅಷ್ಟು ಕೆಳಗಿನ ನಾದ ಸರಿಯಾಗಿ ಹೊರಡಿಸೋಕೆ ಆಗಲ್ಲ. ಅಂದ್ರೆ ಅಲ್ಲಿ ಹೆಬ್ಬೆರಳೇ ಅರ್ಧ ಮಾಯ. ಅರ್ಧ ಸಂಗೀತ ಕೇಳಿ 'ಬೋರು ಮಾರಾಯ' ಅಂದ್ರೆ ಹೇಗೆ?

ಈ ಹೆಬ್ಬೆರಳಿನ ವಿದ್ಯೆಗೆ ಒಂದು ವಂಶಾವಳಿ ಇದೆ. ಹೆಸರುವಾಸಿ ಆಗಿದ್ದು ಮರ್ಲ್ ಟ್ರಾವಿಸ್, ಕೆಂಟಕಿಯ ಕಲ್ಲಿದ್ದಲು ಗಣಿ ಕಡೆಯವರು. ಡಾಕ್ ವಾಟ್ಸನ್ ತಮ್ಮ ಮಗನಿಗೆ ಮರ್ಲ್ ಅಂತ ಹೆಸರಿಟ್ಟಿದ್ದು ಇವರ ಮೇಲಿನ ಅಭಿಮಾನಕ್ಕೇ. ಟ್ರಾವಿಸ್ ಕಲಿತಿದ್ದು ಅಕ್ಕಪಕ್ಕದ ಗಣಿ ಕೆಲಸಗಾರರಿಂದ. ಅವರ ಹಿಂದೆ ಹೋದ್ರೆ ಸಿಗೋದು ಆರ್ನಾಲ್ಡ್ ಶುಲ್ಟ್ಸ್, ಕಪ್ಪು ಜನಾಂಗದ ಗಿಟಾರ್ ವಾದಕ. 1931ರಲ್ಲಿ ತೀರಿಕೊಂಡ್ರು. ಅವರ ಒಂದೇ ಒಂದು ರೆಕಾರ್ಡಿಂಗ್ ಇಲ್ಲ! ಬ್ಲೂಗ್ರಾಸ್‌ನ ಜನಕ ಅಂತ ಕರೆಸಿಕೊಳ್ಳೋ ಬಿಲ್ ಮನ್ರೋ ಕೂಡ ಹುಡುಗನಾಗಿದ್ದಾಗ ಇವರ ಜೊತೆ ಕುಣಿತಗಳಿಗೆ ನುಡಿಸಿದವರು. ಇನ್ನು ಆ ಸಂಗೀತದ ಬ್ಯಾಂಜೋ ವಾದ್ಯದ ಮೂಲವೇ ಆಫ್ರಿಕಾ, ಗುಲಾಮರಾಗಿ ಹೋದವರ ಜೊತೆ ಅಮೆರಿಕಕ್ಕೆ ಹೋಗಿದ್ದು.

ಬಾಳೆಗುಳಿಯಿಂದ ಹುಬ್ಬಳ್ಳಿ ರಸ್ತೆ ಹಿಡಿದು ಅರಬೈಲು ಘಟ್ಟ ಹತ್ತಿದ್ರೆ ಯಲ್ಲಾಪುರ. ಅಲ್ಲಿ ಸಿದ್ದಿ ಜನರ ಡಮಾಮಿ ಬಾರಿಸೋದನ್ನ ಕೇಳಿದಾಗೆಲ್ಲ ನಂಗೆ ಇದು ನೆನಪಾಗ್ತದೆ. ಅವರ ಹಿರಿಯರೂ ಆಫ್ರಿಕಾದಿಂದ ಬಂದವರು, ಬಹಳಷ್ಟು ಜನ ಗುಲಾಮರಾಗಿ. ಒಂದು ಗುಂಪು ಆ ಸಮುದ್ರ ದಾಟ್ತು, ಇನ್ನೊಂದು ಈ ಸಮುದ್ರ. ಬ್ಯಾಂಜೋಗೂ ಡಮಾಮಿಗೂ ನೇರ ನಂಟು ಇದೆ ಅಂತ ನಾನು ಹೇಳ್ತಿಲ್ಲ. ಎರಡನ್ನೂ ಒಂದೇ ವಾರ ಕೇಳಿ ನೋಡಿ ಅಂತೀನಿ, ಅಷ್ಟೇ.

ಇನ್ನೊಬ್ಬರನ್ನ ಹೇಳದೇ ಬಿಟ್ರೆ ತಪ್ಪಾಗ್ತದೆ. ಎಲಿಜಬೆತ್ ಕಾಟನ್. ಎಡಗೈಯವರು. ಬಲಗೈ ಗಿಟಾರನ್ನ ತಂತಿ ಬದಲಾಯಿಸದೇ ತಲೆಕೆಳಗೆ ಹಿಡಿದು ಕಲಿತ್ರು. ಹಾಗಾಗಿ ಅವರಲ್ಲಿ ಬೆರಳು ಲಯ ಹಿಡಿದ್ರೆ ಹೆಬ್ಬೆರಳು ಧಾಟಿ ನುಡಿಸ್ತಿತ್ತು, ಎಲ್ಲ ಉಲ್ಟಾ! ಮನೆಕೆಲಸ ಮಾಡ್ಕೊಂಡಿದ್ದ ಹೆಂಗಸು. ಮೊದಲ ಆಲ್ಬಮ್ ಬಂದಿದ್ದು 1958ರಲ್ಲಿ, ಅರವತ್ತು ದಾಟಿದ ಮೇಲೆ. ತಮಾ, ನೀನು ಎರಡು ವರ್ಷಕ್ಕೇ ಕೈಬಿಡ್ತೀಯ?

ನಮ್ಮವರು ಇದರಲ್ಲಿ ಇಲ್ವಾ ಅಂದ್ರೆ, ಇದ್ದಾರೆ. ಗಿಟಾರನ್ನ ಮೋಹನ ವೀಣೆ ಮಾಡಿದ ವಿಶ್ವಮೋಹನ ಭಟ್ಟರು 1995ರಲ್ಲಿ ಬ್ಲೂಗ್ರಾಸ್‌ನ ಜೆರ್ರಿ ಡಗ್ಲಸ್ ಜೊತೆ 'ಬೂರ್ಬನ್ ಆ್ಯಂಡ್ ರೋಸ್‌ವಾಟರ್' ಅಂತ ಆಲ್ಬಮ್ ಮಾಡಿದ್ರು. ಇಬ್ಬರದ್ದೂ ತಂತಿ ಮೇಲೆ ಕಡ್ಡಿ ಜಾರಿಸೋ ವಾದ್ಯ. ಬೆಂಗಳೂರಿನ ಪ್ರಕಾಶ್ ಸೊಂಟಕ್ಕೆ ಅಂಥದ್ದೇ ಗಿಟಾರಲ್ಲಿ ಹಿಂದೂಸ್ತಾನಿ ರಾಗ ನುಡಿಸ್ತಾರೆ. ಅಲ್ಲಿ 'ಹಾಡು ಯಾವಾಗ ಶುರು' ಅಂತ ಯಾರೂ ಕೇಳಲ್ಲ. ಸಿತಾರ್ ಕಛೇರಿಗೆ ಹೋಗಿ ಯಾರಾದ್ರೂ ಹಾಗೆ ಕೇಳ್ತಾರಾ?

ಒಂದು ಎಚ್ಚರಿಕೆ. ಇಂಟರ್‌ನೆಟ್‌ನಲ್ಲಿ ಹುಡುಕಿದ್ರೆ ವೇಗದ ವಿಡಿಯೋಗಳೇ ಮೊದಲು ಬರ್ತವೆ. ವೇಗ ನೋಡಿ ಬೆರಗಾಗಿ, ತಪ್ಪಿಲ್ಲ, ಆದ್ರೆ ಅಲ್ಲೇ ನಿಲ್ಲಬೇಡಿ. ಟೋನಿ ರೈಸ್ ಕೇಳಿ. ಎರಡು ಸ್ವರದ ನಡುವೆ ಎಷ್ಟು ಜಾಗ ಬಿಡಬೇಕು ಅನ್ನೋದು ಅವರಿಗೆ ಗೊತ್ತಿತ್ತು. ಮೊದಲ ಸಲ ಧಾಟಿ ಕೇಳಿ, ಎರಡನೇ ಸಲ ಬರೀ ದಪ್ಪ ತಂತಿ ಕೇಳಿ.

ಈಗ ಉತ್ತರ. ಮಾರಬೇಡ. ಮೂರು ತಿಂಗಳು ದಿನಕ್ಕೆ ಹದಿನೈದು ನಿಮಿಷ ಹೆಬ್ಬೆರಳೊಂದನ್ನೇ ಪಳಗಿಸು. ಮನೆಯವರ ಜೊತೆ ಮಾತಾಡ್ತಿದ್ರೂ ಅದು ತಪ್ಪದೇ ನಡೀಬೇಕು. ಆಮೇಲೆ ನಿಮ್ಮ ಅಮ್ಮನಿಗೆ ಗೊತ್ತಿರೋ ಯಾವುದಾದ್ರೂ ಧಾಟಿ ಸಣ್ಣ ತಂತಿಯಲ್ಲಿ ಸೇರಿಸು. ನೀನು ಹಾಡಬೇಕಾಗಿಲ್ಲ, ಅವರೇ ಗುನುಗ್ತಾರೆ ನೋಡು. ಮೂರು ತಿಂಗಳು ಕೂರೋಕೆ ಮನಸ್ಸೇ ಇಲ್ಲ ಅಂದ್ರೆ ಮಾರು, ಅದರಲ್ಲೂ ತಪ್ಪಿಲ್ಲ. ಬೇರೆ ಯಾರಾದ್ರೂ ನುಡಿಸ್ತಾರೆ.

ಹಾಂ, ಇನ್ನೊಂದು. ಸಮುದ್ರದ ಉಪ್ಪು ಗಾಳಿಗೆ ನಮ್ಮ ಕಡೆ ತಂತಿ ಬೇಗ ತುಕ್ಕು ಹಿಡೀತದೆ. ನುಡಿಸಿದ ಮೇಲೆ ಒಣಬಟ್ಟೆಯಲ್ಲಿ ಒರೆಸಿಡು. ಮಳೆಗಾಲದಲ್ಲಿ ಮರ ತೇವ ಕುಡಿದು ಉಬ್ಬಿಕೊಳ್ತದೆ, ಗೋಡೆಗೆ ನೇತು ಹಾಕಬೇಡ. ಪೆಟ್ಟಿಗೆಯಲ್ಲಿಟ್ಟು, ಹೊಸ ಚಪ್ಪಲಿ ಡಬ್ಬದಲ್ಲಿ ಬರ್ತವಲ್ಲ, ಆ ಸಿಲಿಕಾ ಪೊಟ್ಟಣ ನಾಲ್ಕು ಒಳಗೆ ಹಾಕು. ಮೂರು ತಿಂಗಳಾದ ಮೇಲೆ ಒಂದು ವಾಯ್ಸ್ ಮೆಸೇಜ್ ಕಳಿಸು. ಮಾತು ಬೇಡ, ಗಿಟಾರ್ ಸಾಕು. ಲಾರಿ ಹಾರ್ನ್ ಇದ್ರೂ ನಡೀತದೆ.