ಮುಪ್ಪಿನಲ್ಲಿ ಅಕ್ಷಿಪಟಲ
(ಪಾಲಕೋಡಿನ ಸಭೆಯಲ್ಲಿ ಮಾಡಿದ ಭಾಷಣ)



ಕಣ್ಣು ಮಂಜಾಯಿತೆಂದು ಹಿರಿಯರು ಹೇಳಿದೊಡನೆ ನಮ್ಮಲ್ಲಿ ಹೊರಡುವ ಮಾತು ಒಂದೇ: “ಪೊರೆ ಬಂದಿದೆ, ಬಲಿಯಲಿ, ತೆಗೆಸೋಣ.” ಈ ಧೈರ್ಯಕ್ಕೆ ಕಾರಣವುಂಟು. ಬೀಳಗಿಯಲ್ಲಿ 1916ರಲ್ಲಿ ಜನಿಸಿದ ಡಾ. ಎಂ. ಸಿ. ಮೋದಿಯವರಂಥವರು ಊರೂರಲ್ಲಿ ಶಿಬಿರ ಹೂಡಿ, ಪೊರೆ ತೆಗೆದು, ಕುರುಡರೆನಿಸಿಕೊಂಡವರಿಗೆ ಬೆಳಕು ತೋರಿಸಿದರು. ಆದರೆ ಪೊರೆಯು ಮುಂಭಾಗದ ಮಸೂರದ ವ್ಯಾಧಿ. ನಾನಿಂದು ಹೇಳಹೊರಟಿರುವುದು ಕಣ್ಣಿನ ಹಿಂಗೋಡೆಗೆ ಅಂಟಿಕೊಂಡಿರುವ ನರಗಳ ತೆಳುಹಾಳೆಯ, ಅಂದರೆ ಅಕ್ಷಿಪಟಲದ ವಿಚಾರ. ಬಲಿಯಲೆಂದು ಕಾದು ಕುಳಿತರೆ ಇದರ ಕೇಡು ಒಳಗೊಳಗೇ ಬೆಳೆದಿರುತ್ತದೆ.

ಅಕ್ಷಿಪಟಲದ ನಡುವೆ ಮ್ಯಾಕುಲಾ ಎಂಬ ಪುಟ್ಟ ಎಡೆಯುಂಟು. ಅಗಲ ಸುಮಾರು 5 ಮಿಲಿಮೀಟರು. ಅಕ್ಷರ ಓದುವುದು, ಮುಖ ಗುರುತಿಸುವುದು, ಸೂಜಿಗೆ ದಾರ ಪೋಣಿಸುವುದು ಎಲ್ಲವೂ ಅದರ ಬಲದಿಂದಲೇ. ಐವತ್ತು ದಾಟಿದ ಕೆಲವರಲ್ಲಿ ಅದರ ಅಡಿಯಲ್ಲಿ ಹಳದಿ ಕಸ ಕೂಡಿಕೊಂಡು, ಬೆಳಕನ್ನು ಗ್ರಹಿಸುವ ಕಣಗಳು ಮೆಲ್ಲಮೆಲ್ಲನೆ ಸವೆಯುತ್ತವೆ. ಇದು ಒಣ ಬಗೆ. ಇನ್ನು ಕೆಲವರಲ್ಲಿ ಬೇಡದ ಹೊಸ ರಕ್ತನಾಳಗಳು ಹುಟ್ಟಿ ಸೋರುತ್ತವೆ. ಈ ತೇವದ ಬಗೆಯಲ್ಲಿ ದೃಷ್ಟಿ ಕೆಲವೇ ವಾರಗಳಲ್ಲಿ ಕೆಡಬಹುದು. ಪೊರೆಯಲ್ಲಿ ನೋಟವೆಲ್ಲ ಮಬ್ಬು. ಇಲ್ಲಿ ನಡು ಅಳಿದು ಅಂಚು ಉಳಿಯುತ್ತದೆ. ಆದುದರಿಂದಲೇ ಮುದುಕರು ಕೋಲಿಲ್ಲದೆ ತೋಟಕ್ಕೆ ಹೋಗಿಬಂದರೂ ಎದುರು ನಿಂತ ಸೊಸೆಯ ಗುರುತು ಹಿಡಿಯಲಾರರು. ಮನೆಯವರು ಇದನ್ನು ಬಿಗುಮಾನವೆಂದು ತಿಳಿದು ಮುನಿದುಕೊಳ್ಳುವುದೂ ಉಂಟು!

ಒಂದು ಕಣ್ಣಿನ ಕೊರತೆಯನ್ನು ಇನ್ನೊಂದು ಮುಚ್ಚಿಬಿಡುತ್ತದೆ. ಆದಕಾರಣ ಓದುವ ಕನ್ನಡಕ ಧರಿಸಿ, ಒಂದೊಂದೇ ಕಣ್ಣನ್ನು ಅಂಗೈಯಿಂದ ಮರೆಮಾಡಿಕೊಂಡು, ಮಕ್ಕಳ ಚೌಕಳಿಯ ಲೆಕ್ಕದ ಪುಸ್ತಕವನ್ನು ನೋಡಿರಿ. ಸ್ವಿಟ್ಜರ್ಲೆಂಡಿನ ವೈದ್ಯ ಆಮ್ಸ್ಲರ್ ಬಳಕೆಗೆ ತಂದ ಪರೀಕ್ಷೆಯೂ ಇಂಥದೇ. ಗೆರೆ ಡೊಂಕಾಗಿ ಕಂಡರೆ, ನಡುವೆ ಕಲೆ ಕಂಡರೆ, ಧರ್ಮಪುರಿಗೋ ಸೇಲಂಗೋ ಬೆಂಗಳೂರಿಗೋ ತಡಮಾಡದೆ ಹೋಗಬೇಕು. ಹನಿ ಹಾಕಿ ಪಾಪೆ ಅಗಲಿಸಿ ನೋಡುತ್ತಾರೆ. ಕೆಲವು ಗಂಟೆ ಮಬ್ಬಿರುವುದರಿಂದ ಜೊತೆಗೊಬ್ಬರಿರಲಿ. ನಾಳಗಳ ಸೋರಿಕೆಯನ್ನು ಅಡಗಿಸುವ ಚುಚ್ಚುಮದ್ದು 2004ರ ಬಳಿಕ ಬಳಕೆಗೆ ಬಂದಿದೆ. ಮತ್ತೆ ಮತ್ತೆ ಹಾಕಿಸಬೇಕಾದುದು ಅದು; ಉಳಿದ ನೋಟವನ್ನು ಕಾದೀತು, ಸತ್ತ ಕಣಗಳನ್ನು ಬದುಕಿಸಲಾರದು. ಕಣ್ಣಲ್ಲಿ ಹಠಾತ್ತನೆ ಮಿಂಚು ಹೊಳೆದು, ಕಪ್ಪು ಚುಕ್ಕೆಗಳು ಸುರಿದು, ಪರದೆ ಇಳಿದಂತಾದರೆ ಅಂದೇ ಹೊರಡಿರಿ: ಅಕ್ಷಿಪಟಲವೇ ಕಳಚುತ್ತಿರಬಹುದು.

ಸಕ್ಕರೆ ಕಾಯಿಲೆಯವರು ಚೆನ್ನಾಗಿ ಕಾಣುತ್ತಿದ್ದರೂ ವರ್ಷಕ್ಕೊಮ್ಮೆ ತೋರಿಸಲೇಬೇಕು. ಬೀಡಿ ಬಿಡಬೇಕು, ಮ್ಯಾಕುಲಾಕ್ಕೆ ಅದರಷ್ಟು ಕೇಡು ಮಾಡುವ ಚಟ ಬೇರೊಂದಿಲ್ಲ. ಸೊಪ್ಪು ತಿನ್ನಿರಿ, ನುಗ್ಗೆ ಹರಿವೆಗಳಿಗೆ ಇಲ್ಲಿ ಬರವಿಲ್ಲವಷ್ಟೆ.

ಈಗಾಗಲೇ ನಡುನೋಟ ಕಳೆದುಕೊಂಡವರಿಗೆ ಭೂತಗನ್ನಡಿ, ಪಕ್ಕದಿಂದ ಬೀಳುವ ಒಳ್ಳೆಯ ಬೆಳಕು, ದಪ್ಪಕ್ಷರದ ಪುಸ್ತಕ ನೆರವಾಗುತ್ತವೆ. ನಮ್ಮ ಗಡಿಯ ಎಷ್ಟೋ ಮನೆಗಳಲ್ಲಿ ಕನ್ನಡ ಓದಬಲ್ಲವರು ಅಜ್ಜ ಅಜ್ಜಿ ಮಾತ್ರ. ಓದಿ ಹೇಳೆಂದು ಮೊಮ್ಮಗುವನ್ನು ಕರೆದರೆ, ಶಾಲೆಯಲ್ಲಿ ತಮಿಳು ಕಲಿತ ಆ ಮಗು ಮನೆಯಲ್ಲಿ ಕನ್ನಡ ಆಡೀತೇ ಹೊರತು ಲಿಪಿಯನ್ನರಿಯದು. ವಾರಕ್ಕೊಮ್ಮೆ ಇಂಥವರ ಜಗಲಿಯಲ್ಲಿ ಕುಳಿತು ಒಂದು ಗಂಟೆ ಕನ್ನಡ ಓದಿ ಹೇಳುವ ಯುವಕರನ್ನು ಸಂಘವು ಗೊತ್ತುಮಾಡಬೇಕೆಂದು ನನ್ನ ಬಿನ್ನಹ. ಮಗುವೂ ಪಕ್ಕದಲ್ಲಿ ಕುಳಿತು ಪುಟವನ್ನು ನೋಡಲಿ.