ವೈರಿಯೊಡನೆ ಕರಾರು



2026ರ ಜನವರಿ ಮೊದಲ ವಾರದಲ್ಲಿ ಹಿರಿಯ ಭಕ್ತರೊಬ್ಬರು ಶ್ರೀಮಠಕ್ಕೆ ಬಂದಿದ್ದರು. 1999ರಲ್ಲಿ ಕಾರ್ಗಿಲ್ ಯುದ್ಧಕ್ಕೆ ಮಗನನ್ನು ಒಪ್ಪಿಸಿದ ಜೀವ ಅದು. ಭಾರತ ಪಾಕಿಸ್ತಾನಗಳು ಹೊಸ ವರುಷದ ದಿನ ತಮ್ಮ ತಮ್ಮ ಅಣುಸ್ಥಾವರಗಳ ಪಟ್ಟಿಯನ್ನು ಕೊಟ್ಟುಕೊಂಡವೆಂಬ ಸುದ್ದಿ ಓದಿ ಅವರ ಹೊಟ್ಟೆ ಉರಿದಿತ್ತು. "ಅಜ್ಜಾರ, ಬೀಗದ ಕೈ ಎಲ್ಲಿ ಇಟ್ಟೇವಂತ ಕಳ್ಳಗ ಹೇಳಿದಂಗ ಆತಲ್ರೀ ಇದು?" ಎಂದರು. ಅವರಿಗೆ ಹೇಳಿದ್ದನ್ನೇ ಇಂದು ನಿಮ್ಮ ಮುಂದೆ ಇಡುತ್ತೇವೆ.

ಈ ಕರಾರು ಆದದ್ದು 1988ರ ಡಿಸೆಂಬರ್ 31ರಂದು, ಇಸ್ಲಾಮಾಬಾದಿನಲ್ಲಿ. ಆಗ ಇಲ್ಲಿ ರಾಜೀವ ಗಾಂಧಿಯವರು ಪ್ರಧಾನಿ, ಅಲ್ಲಿ ಬೆನಜೀರ್ ಭುಟ್ಟೊ. 1991ರ ಜನವರಿ 27ರಂದು ಜಾರಿಗೆ ಬಂತು. ನಿನ್ನ ಅಣುಸ್ಥಾವರದ ಮೇಲೆ ನಾನು ಕೈಮಾಡುವುದಿಲ್ಲ, ನನ್ನದರ ಮೇಲೆ ನೀನು ಮಾಡತಕ್ಕದ್ದಲ್ಲ. ಪ್ರತಿ ಜನವರಿ 1ರಂದು ಯಾವುದು ಎಲ್ಲಿದೆಯೆಂದು ಅಕ್ಷಾಂಶ ರೇಖಾಂಶ ಸಹಿತ ತಿಳಿಸತಕ್ಕದ್ದು. ಇಷ್ಟೇ ಅದರ ತಿರುಳು. ಕೊಟ್ಟದ್ದು ಬೀಗದ ಕೈಯಲ್ಲ, ಮನೆಯ ಗುರುತು. ಅಷ್ಟು ದೊಡ್ಡ ಸ್ಥಾವರಗಳಲ್ಲಿ ಬಹುಪಾಲು ಉಪಗ್ರಹದ ಕಣ್ಣಿಗೆ ಹೇಗೂ ಬಿದ್ದೇ ಇರುತ್ತವೆ.

ನಮ್ಮ ಭಾಗದ ಹಳ್ಳಿಯೊಂದರಲ್ಲಿ ಎರಡು ಮನೆತನಗಳಿಗೆ ಬದುವಿನ ವ್ಯಾಜ್ಯ. ಮೂರು ತಲೆಮಾರು ಕೋರ್ಟು ಹತ್ತಿದರು. ಒಬ್ಬರ ಮನೆಯ ನೀರು ಇನ್ನೊಬ್ಬರು ಮುಟ್ಟುತ್ತಿರಲಿಲ್ಲ. ಅಂಥವರು ಒಂದು ಸುಗ್ಗಿಯಲ್ಲಿ ಮಠಕ್ಕೆ ಬಂದು, ಯಾರೂ ಯಾರ ಬಣವೆಗೂ ಬೆಂಕಿ ಇಡಕೂಡದೆಂದು ಗದ್ದುಗೆ ಮುಟ್ಟಿ ಹೇಳಿದರು. ರಾಜಿಯಾಯಿತೆಂದು ತಿಳಿಯಬೇಡಿರಿ, ಮರುದಿನವೇ ಮತ್ತೆ ಕೋರ್ಟಿಗೆ ಹೋದರು! ಆದರೆ ಒಂದು ಬಣವೆ ಹೊತ್ತಿದರೆ ಊರೇ ಹೋಗುತ್ತದೆಂಬುದು ಇಬ್ಬರಿಗೂ ಗೊತ್ತಿತ್ತು. ಗಾಳಿ ಸರ್ವೆ ನಂಬರು ನೋಡಿ ಬೀಸುವುದಿಲ್ಲ. 1986ರ ಏಪ್ರಿಲಿನಲ್ಲಿ ಚೆರ್ನೋಬಿಲ್ ಸ್ಥಾವರ ಸಿಡಿದಾಗ ಅದರ ವಿಷಧೂಳಿಯನ್ನು ದೂರದ ಸ್ವೀಡನ್ನಿನವರು ಎರಡೇ ದಿನದಲ್ಲಿ ಪತ್ತೆಹಚ್ಚಿದರು. ಅದೂ ಯಾರೂ ಬಾಂಬು ಹಾಕದೆ ಆದದ್ದು.

ಸಂಧಿ ಯಾರೊಡನೆ? ಮಿತ್ರನೊಡನೆ ಕಾಗದ ಬರೆದುಕೊಳ್ಳುವ ಪ್ರಮೇಯವೇ ಕಡಿಮೆ. ಷಾಡ್ಗುಣ್ಯದಲ್ಲಿ ಕೌಟಿಲ್ಯನು ಮೊದಲು ಹೇಳುವುದು ಸಂಧಿಯನ್ನೇ. (ಆ ಅರ್ಥಶಾಸ್ತ್ರದ ಪ್ರತಿಯನ್ನು ಬೆಳಕಿಗೆ ತಂದು 1909ರಲ್ಲಿ ಅಚ್ಚು ಮಾಡಿಸಿದವರು ಮೈಸೂರಿನ ಆರ್. ಶಾಮಾಶಾಸ್ತ್ರಿಗಳು.) ಬರಿಯ ಆಣೆಗಿಂತ ಒತ್ತೆಯಾಳು ಇಟ್ಟು ಮಾಡಿದ ಸಂಧಿಯೇ ಗಟ್ಟಿಯೆಂದು ಪೂರ್ವಾಚಾರ್ಯರ ಮತ, ಕೌಟಿಲ್ಯನದು ಇದಕ್ಕೆ ವಿರುದ್ಧ, ಸತ್ಯ ಶಪಥಗಳೇ ಗಟ್ಟಿಯೆಂದು. ಓದುವ ಕಾಲದಲ್ಲಿ ನಾವು ಕೌಟಿಲ್ಯನ ಪಕ್ಷ. ಈಗ ಈ ಕರಾರನ್ನು ನೋಡಿದರೆ ಪೂರ್ವಾಚಾರ್ಯರನ್ನೂ ತಳ್ಳಿಹಾಕಲು ಮನಸ್ಸು ಬಾರದು. ಇಲ್ಲಿ ಒತ್ತೆಯಾಗಿ ಕುಳಿತವರು ಎರಡೂ ದೇಶದ ಮಕ್ಕಳು.

ಇದನ್ನು ಶಾಂತಿಯೆಂದು ಕರೆದರೆ ಮಾತ್ರ ನಾವು ಒಪ್ಪೆವು. ಬಾಂಬಿನ ಸಂಖ್ಯೆಗೆ ಇದರಲ್ಲಿ ತಡೆಯಿಲ್ಲ. 1998ರ ಮೇ ತಿಂಗಳಲ್ಲಿ ಪೋಖರಣದಲ್ಲೂ ಚಾಗೈಯಲ್ಲೂ ಪರೀಕ್ಷೆಗಳು ನಡೆದೇ ನಡೆದವು. ಗಡಿ ದಾಟಿ ಬರುವ ಹಂತಕರನ್ನು ಇದು ತಡೆಯಲಿಲ್ಲ. ಪಟ್ಟಿ ಪೂರ್ಣವೋ ಅಲ್ಲವೋ ಎಂದು ತಪಾಸಣೆ ಮಾಡುವವರೂ ಇಲ್ಲ. ಆದರೂ 1992ರಿಂದ ಒಂದು ವರುಷವೂ ತಪ್ಪಿಲ್ಲ. 2002ರ ಜನವರಿ 1ರಂದು ಎರಡೂ ಸೈನ್ಯಗಳು ಗಡಿಯಲ್ಲಿ ಎದುರುಬದುರು ನಿಂತಿದ್ದವು, ಪಟ್ಟಿ ಹೋಯಿತು, ಬಂತು. 2025ರಲ್ಲಿ ಪಹಲ್ಗಾಮಿನ ಹತ್ಯೆಯಾಯಿತು, ಸಿಂಧೂ ನದಿಯ 1960ರ ಒಪ್ಪಂದವನ್ನೇ ನಾವು ಅಮಾನತಿನಲ್ಲಿಟ್ಟೆವು, ಮೇ ತಿಂಗಳಲ್ಲಿ ಕ್ಷಿಪಣಿಗಳು ಹಾರಿದವು. ಈ ಒಂದು ಕಾಗದವನ್ನು ಇಬ್ಬರೂ ಹರಿಯಲಿಲ್ಲ.

ಆ ಹಿರಿಯರು ಬಹಳ ಹೊತ್ತು ಸುಮ್ಮನಿದ್ದರು. "ನನ್ನ ಮಗ ಹ್ವಾದ ವರ್ಷಾನೂ ಕೊಟ್ಟಿದ್ರೇನ್ರಿ?" ಎಂದು ಕೇಳಿದರು. ಹೌದು, ಆ ಯುದ್ಧದ ಹಿಂದಿನ ಜನವರಿಯಲ್ಲೂ ಕೊಟ್ಟಿದ್ದರು, ಮುಂದಿನ ಜನವರಿಯಲ್ಲೂ ಕೊಟ್ಟರು ಎಂದೆವು. ಹೇಳುವಾಗ ನಮ್ಮ ಗಂಟಲೂ ಬಿಗಿಯಿತು. ಅವರ ಮಗಳು ಅಳಿಯ ಇರುವುದು ಕೈಗಾದಲ್ಲಿ, ಕಾಳಿ ನದಿಯ ದಂಡೆಯ ಅಣುವಿದ್ಯುತ್ ಸ್ಥಾವರದ ಊರಿನಲ್ಲಿ.

"ಕೈಗಾ ಬರತೈತ್ರೀ ಅದರಾಗ?"

ಪಟ್ಟಿಯನ್ನು ಹೊರಗೆ ಪ್ರಕಟಿಸುವುದಿಲ್ಲ. ವಿದ್ಯುತ್ ತಯಾರಿಸುವ ರಿಯಾಕ್ಟರುಗಳು ಅದರಲ್ಲಿ ಬರಬೇಕೆಂದು ಕರಾರಿನಲ್ಲಿಯೇ ಇದೆ ಎಂದೆವು.

"ಹಂಗಾದರ ಇರಲಿ ಬಿಡ್ರಿ," ಎಂದು ವಿಭೂತಿ ತೆಗೆದುಕೊಂಡು ಎದ್ದರು.