ಚಿನ್ನ ಹೋದ ಮೇಲೆ ಉಳಿದ ಊರು



ಗಣಿಯೆಂದೊಡನೆ ಮಲೆನಾಡಿನವರಾದ ನಮಗೆ ನೆನಪಾಗುವುದು ಕುದುರೆಮುಖ. ಇಂದು ನಾನು ಬಯಲುಸೀಮೆಯ ಊರೊಂದರ ಕುರಿತು ಮಾತನಾಡಲು ಬಯಸುತ್ತೇನೆ.

ಬಂಗಾರಪೇಟೆಯಲ್ಲಿ ರೈಲು ಬದಲಿಸಿ ಮಾರಿಕುಪ್ಪಂ ಕಡೆಗೆ ಸಾಗಿದರೆ ಗುಡ್ಡಗಳು ಕಾಣಿಸುತ್ತವೆ. ಬೂದು ಬಣ್ಣದ, ತಲೆ ಚಪ್ಪಟೆಯಾದ ಗುಡ್ಡಗಳು. ಅವನ್ನು ಪ್ರಕೃತಿ ಕಟ್ಟಿದ್ದಲ್ಲ. ಜನ ಅವನ್ನು ಸೈನೈಡ್ ಗುಡ್ಡಗಳೆಂದೇ ಕರೆಯುತ್ತಾರೆ.

ಕೋಲಾರದ ಶಿಲಾಪಟ್ಟಿ ಉತ್ತರ ದಕ್ಷಿಣವಾಗಿ ಸುಮಾರು 80 ಕಿಲೋಮೀಟರ್ ಚಾಚಿದೆ. ಅದರ ವಯಸ್ಸು ಇನ್ನೂರೈವತ್ತು ಕೋಟಿ ವರ್ಷಗಳಿಗೂ ಹೆಚ್ಚು. 1802ರಲ್ಲಿ ಜಾನ್ ವಾರನ್ ಎಂಬ ಸೇನಾಧಿಕಾರಿ ಇಲ್ಲಿಯ ಹಳ್ಳಿಗರು ಮಣ್ಣು ತೊಳೆದು ಚಿನ್ನದ ಕಣ ತೆಗೆಯುವುದನ್ನು ಕಂಡು ಬರೆದಿಟ್ಟನು. 1880ರ ದಶಕದಲ್ಲಿ ಜಾನ್ ಟೇಲರ್ ಕಂಪನಿ ಬಂದಿತು. ಅಂದು ಬೌರಿಂಗ್‌ಪೇಟೆಯಾಗಿದ್ದ ಬಂಗಾರಪೇಟೆಯಿಂದ ರೈಲು ಬಂದಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಮೊದಲು ಹರಿದದ್ದು ಈ ಗಣಿಗಳಿಗೆ. ಬೆಂಗಳೂರು ಬೆಳಕಿಗಾಗಿ 1905ರವರೆಗೆ ಕಾಯಬೇಕಾಯಿತು! ಕುಡಿಯುವ ನೀರು ಪಾಲಾರ್ ನದಿಯ ಬೇತಮಂಗಲ ಕೆರೆಯದು.

ಇಷ್ಟೆಲ್ಲ ಕೂಡಿಬಂದುದು ಕಲ್ಲಿನೊಳಗಿನ ಚಿನ್ನದ ಗೆರೆಯೊಂದಕ್ಕಾಗಿ. ಆರ್ಕಾಟಿನ ಕಡೆಯಿಂದ ಬಂದ ತಮಿಳು ಕಾರ್ಮಿಕರು, ಅವರಲ್ಲಿ ಬಹುಪಾಲು ದಲಿತರು, ಮೂರು ಕಿಲೋಮೀಟರಿಗಿಂತ ಆಳಕ್ಕೆ ಇಳಿದರು. ಅಷ್ಟು ಆಳದಲ್ಲಿ ಬಂಡೆಯೇ ಕಾದಿರುತ್ತದೆ. ಒತ್ತಡ ತಾಳದೆ ಒಮ್ಮೊಮ್ಮೆ ಸಿಡಿಯುತ್ತದೆ. ಮೇಲೆ ಬಂದವರ ಶ್ವಾಸಕೋಶದಲ್ಲಿ ಕಲ್ಲಿನ ಧೂಳು ಉಳಿಯಿತು. ಎಂಟುನೂರು ಟನ್ನಿಗೂ ಮಿಕ್ಕ ಚಿನ್ನದ ಲೆಕ್ಕ ಸಿಗುತ್ತದೆ. ಆ ಕೆಮ್ಮಿನ ಲೆಕ್ಕವನ್ನು ಯಾರು ಇಟ್ಟರು?

1956ರಲ್ಲಿ ಗಣಿಗಳು ಮೈಸೂರು ಸರ್ಕಾರದ ವಶವಾದವು, ಮುಂದೆ ಕೇಂದ್ರದ್ದಾದವು. ಟನ್ನು ಕಲ್ಲಿಗೆ ಸಿಗುವ ಚಿನ್ನ ಕೆಲವೇ ಗ್ರಾಮಿಗೆ ಇಳಿದು, 2001ರ ಫೆಬ್ರವರಿ 28ರಂದು ಬಾಗಿಲು ಮುಚ್ಚಿತು. ಪಂಪುಗಳು ನಿಂತ ಮೇಲೆ ಸುರಂಗಗಳಲ್ಲಿ ನೀರು ಏರಿತು. ಯುವಕರು ನಸುಕಿನ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗತೊಡಗಿದರು.

ಗುಡ್ಡಗಳು ಮಾತ್ರ ಅಲ್ಲಿಯೇ ಇವೆ. ಕಲ್ಲನ್ನು ಹಿಟ್ಟಿನಂತೆ ಅರೆದು, ಸೈನೈಡ್ ದ್ರಾವಣದಲ್ಲಿ ಚಿನ್ನವನ್ನು ಕರಗಿಸಿ ತೆಗೆದ ಮೇಲೆ ಉಳಿದ ಪುಡಿಯದು. ಬಿಸಿಲಿಗೆ ಸೈನೈಡ್ ಬಹುಮಟ್ಟಿಗೆ ಒಡೆದುಹೋಗುತ್ತದೆ. ಆದರೆ ಸಿಲಿಕಾ ಎಲ್ಲಿಗೆ ಹೋದೀತು? ಗಾಳಿ ಬೀಸಿದಾಗ ಆ ಪುಡಿ ಮನೆಗಳಿಗೆ ನುಗ್ಗುತ್ತದೆ, ಮಳೆಯಲ್ಲಿ ಹೊಲಗಳಿಗೆ ಇಳಿಯುತ್ತದೆ.

2024ರಲ್ಲಿ ರಾಜ್ಯ ಸಂಪುಟವು ಇಂಥ 13 ದಿಬ್ಬಗಳಿಂದ ಮತ್ತೆ ಚಿನ್ನ ತೆಗೆಯಲು ಒಪ್ಪಿಗೆ ನೀಡಿತು. ಕೆಲಸ ಸಿಗಬಹುದೆಂಬ ಅಲ್ಲಿಯವರ ಆಸೆಯನ್ನು ನಾನು ಹಗುರವಾಗಿ ಕಾಣಲಾರೆ. ಆದರೆ ದಿಬ್ಬ ಅಗೆಯುವಾಗ ಏಳುವ ಧೂಳನ್ನು ಹೇಗೆ ತಡೆಯುವರು, ಮತ್ತೆ ಅರೆದು ಉಳಿದ ಪುಡಿಯನ್ನು ಎಲ್ಲಿ ಇಡುವರು ಎಂಬುದನ್ನು ಅಗೆತಕ್ಕೆ ಮೊದಲೇ, ದಿಬ್ಬದ ಬುಡದಲ್ಲಿ ವಾಸಿಸುವವರೆದುರು ಕುಳಿತು ಹೇಳಬೇಕು.